ಕರುಳಿಗೆ ಬಂದ ಕುತ್ತು, ರಕ್ತದ ಮೇಲೆ ಬಿದ್ದ ಗುಮಾನಿ

"ನಿನ್ನೆ ಸಂಜೆ ರಕ್ತ ಏರಿಸಿದ್ರು. ಬೆಳಿಗ್ಗೆ ನೋಡಿದ್ರೆ ಕೂಸಿನ ಹೊಟ್ಟೆ ಉಬ್ಬಿತ್ತು." ನವಜಾತ ಶಿಶುಗಳ ಘಟಕದ ಬಾಗಿಲ ಹೊರಗೆ, ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತ ಅಜ್ಜಿಯರ ಬಾಯಲ್ಲಿ ಬರುವಂಥ ಮಾತು ಇದು. ಅದರಲ್ಲಿ ಸಂಕಟವಿದೆ, ದೂರಿದೆ, ಒಂದು ಪ್ರಶ್ನೆಯೂ ಇದೆ. ಅದೇ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಆಸ್ಪತ್ರೆಗಳ ಶಿಶುತಜ್ಞರೂ ಮೂವತ್ತು ವರ್ಷಕ್ಕೂ ಮೇಲಾಗಿ ಕೇಳುತ್ತ ಬಂದಿದ್ದಾರೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಏರಿಸಿದ ರಕ್ತವೇ ಅದರ ಕರುಳನ್ನು ಕೆಡಿಸುತ್ತದೆಯೇ?

ಈ ಪ್ರಶ್ನೆಯನ್ನು ನಾನು ಬಂದಳಿಕೆಯಲ್ಲಿ ನಿಂತು ನೋಡಲು ಹೊರಟಿದ್ದೇನೆ. ಶಿಕಾರಿಪುರ, ಸೊರಬ ಸೀಮೆಯ ಈ ಹಾಳುಬಿದ್ದ ಹಳೆಯ ಪಟ್ಟಣದಲ್ಲಿ ಬನಶಂಕರಿಯ ಗುಡಿಯಿದೆ, ಶಾಂತಿನಾಥ ಬಸದಿಯಿದೆ. ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಇಲ್ಲಿಗೆ ಬಂದು ಸಲ್ಲೇಖನ ವ್ರತದಲ್ಲಿ ದೇಹ ಬಿಟ್ಟಳೆಂದು ಹತ್ತನೆಯ ಶತಮಾನದ ಶಾಸನ ಹೇಳುತ್ತದೆ. ಇಂದು ಈ ಊರಿನ ಸುತ್ತಮುತ್ತ ಏಳು ತಿಂಗಳಿಗೇ ಒಂದು ಹೆರಿಗೆಯಾದರೆ ಕೂಸಿನ ದಾರಿ ಉದ್ದದ್ದು. 108 ಬರಬೇಕು, ಶಿಕಾರಿಪುರವನ್ನೋ ಸೊರಬವನ್ನೋ ಮುಟ್ಟಬೇಕು, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಶಿಕಾರಿಪುರದಿಂದ ಶಿವಮೊಗ್ಗಕ್ಕೇ ಐವತ್ತು ಕಿಲೋಮೀಟರಿನ ಮೇಲಾಗುತ್ತದೆ. ರಕ್ತಕ್ಕೂ ಕರುಳಿಗೂ ಇರುವ ನಂಟಿನ ಮಾತಿನೊಳಗೆ ಈ ರಸ್ತೆಯ ಉದ್ದವೂ ಬರುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾಯಿಲೆ. ವೈದ್ಯರು ಅದನ್ನು ನೆಕ್ರೋಟೈಸಿಂಗ್ ಎಂಟರೋಕೊಲೈಟಿಸ್ ಎನ್ನುತ್ತಾರೆ, ವಾರ್ಡಿನ ಮಾತಿನಲ್ಲಿ ಎನ್‌ಇಸಿ. ತಂದೆತಾಯಿಗೆ ಹೇಳುವಾಗ "ಕರುಳಿಗೆ ಸೋಂಕಾಗಿದೆ" ಎಂದು ಮುಗಿಸುತ್ತಾರೆ. ಆದರೆ ಇದು ಬರಿಯ ಸೋಂಕಲ್ಲ. ಇನ್ನೂ ಬಲಿಯದ ಕರುಳಿನ ಒಳಪದರ ಉರಿಯೂತದಿಂದ ಊದಿ, ರಕ್ತ ಸಿಗದೆ ಅಲ್ಲಲ್ಲಿ ಸಾಯುತ್ತದೆ. ಬ್ಯಾಕ್ಟೀರಿಯಾಗಳು ಗೋಡೆಯೊಳಕ್ಕೆ ನುಗ್ಗಿ ಅನಿಲ ಬಿಡುತ್ತವೆ. ಎಕ್ಸ್‌ರೇಯಲ್ಲಿ ಕರುಳಿನ ಗೋಡೆಯ ಉದ್ದಕ್ಕೂ ಗುಳ್ಳೆಗಳ ಸಾಲು ಕಂಡರೆ ಅನುಮಾನ ಉಳಿಯುವುದಿಲ್ಲ. ಅದಕ್ಕೆ ಮೊದಲು ಕಾಣುವ ಗುರುತುಗಳು ಇಂಥವು: ಹಿಂದಿನ ಸಲ ಕುಡಿಸಿದ ಹಾಲು ಜೀರ್ಣವಾಗದೆ ಕೊಳವೆಯಲ್ಲಿ ಹಸಿರಾಗಿ ವಾಪಸು ಬರುವುದು, ಹೊಟ್ಟೆ ಬಿಗಿದು ಹೊಳೆಯುವುದು, ಮಲದಲ್ಲಿ ರಕ್ತ, ಮಗು ಸುಸ್ತಾಗಿ ಉಸಿರು ಮರೆಯುವುದು. 1978ರಲ್ಲಿ ಮಾರ್ಟಿನ್ ಬೆಲ್ ಮತ್ತು ಸಂಗಡಿಗರು ಇದನ್ನು ಹಂತಗಳಾಗಿ ವಿಂಗಡಿಸಿದರು. ಇವತ್ತಿಗೂ ವೈದ್ಯರು ಕೇಸ್ ಶೀಟಿನಲ್ಲಿ ಬೆಲ್ ಹಂತ ಎಂದೇ ಬರೆಯುತ್ತಾರೆ. ಒಂದೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ ಐದರಿಂದ ಹತ್ತಕ್ಕೆ ಇದು ಬರಬಹುದು. ಬಂದವರಲ್ಲಿ ಐದಕ್ಕೋ ನಾಲ್ಕಕ್ಕೋ ಒಂದು ಮಗು ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯವರೆಗೆ ಹೋದವರಲ್ಲಿ ಸಾವು ಇನ್ನೂ ಹೆಚ್ಚು. ಉಳಿದವರಲ್ಲೂ ಕೆಲವರ ಕರುಳು ಗಿಡ್ಡವಾಗಿ, ಬೆಳವಣಿಗೆ ಕುಂಠಿತವಾಗುತ್ತದೆ.

ಕ್ರೂರವಾದ ಸಂಗತಿಯೆಂದರೆ ಇದು ಹುಟ್ಟಿದ ಮೊದಲ ದಿನ ಬರುವುದಿಲ್ಲ. ಎರಡು, ಮೂರು, ನಾಲ್ಕು ವಾರ ಕಳೆದು, ಉಸಿರಾಟದ ಯಂತ್ರ ತೆಗೆದು, ಹಾಲು ಹೆಚ್ಚಿಸುತ್ತ, "ಇನ್ನು ಪರವಾಗಿಲ್ಲ" ಎಂದು ತಾಯಿ ಮೊದಲ ಸಲ ನಕ್ಕ ದಿನಗಳಲ್ಲೇ ಬರುತ್ತದೆ. ಆ ಕೂಸುಗಳಿಗೆ ರಕ್ತ ಏರಿಸುವುದೂ ಬಹುತೇಕ ಅದೇ ದಿನಗಳಲ್ಲಿ.

ಇಷ್ಟು ಎಳೆಯ ಕೂಸಿಗೆ ಬೇರೆಯವರ ರಕ್ತ ಯಾಕೆ ಬೇಕಾಗುತ್ತದೆ? ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕೂಸಿನ ತೂಕ 900 ಗ್ರಾಂ ಇದೆ ಎಂದುಕೊಳ್ಳೋಣ. ಕಿಲೋ ತೂಕಕ್ಕೆ ಸುಮಾರು 90 ಮಿಲಿಲೀಟರ್ ರಕ್ತ ಎಂದರೆ ಇಡೀ ಮೈಯಲ್ಲಿ ಓಡುವುದು ಸುಮಾರು 80 ಮಿಲಿ. ಹೋಟೆಲಿನಲ್ಲಿ ಕೊಡುವ ಒಂದು ಸಣ್ಣ ಲೋಟ ಚಹಾದಷ್ಟು. ಅದರಿಂದಲೇ ಸಕ್ಕರೆ, ಕಾಮಾಲೆ, ಸೋಂಕು, ಆಮ್ಲಜನಕದ ಪರೀಕ್ಷೆಗೆಂದು ದಿನಕ್ಕೊಂದು ಮಿಲಿ ತೆಗೆದರೂ ಎರಡು ವಾರಕ್ಕೆ 14 ಮಿಲಿ ಹೋಯಿತು. ಮೈಯ ರಕ್ತದಲ್ಲಿ ಆರರಲ್ಲೊಂದು ಪಾಲು. ದೊಡ್ಡವರಿಗೆ ಹೋಲಿಸಿದರೆ ಎರಡು ಬಾಟಲಿ ರಕ್ತ ಹರಿದುಹೋದ ಹಾಗೆ. ತಾಯಿಯಿಂದ ಕಬ್ಬಿಣದ ಅಂಶ ಮಗುವಿಗೆ ಹೆಚ್ಚಾಗಿ ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಆ ಮೂರು ತಿಂಗಳನ್ನೇ ಈ ಕೂಸು ಕಳೆದುಕೊಂಡಿದೆ. ಹೊಸ ರಕ್ತ ಮಾಡು ಎಂದು ಮಜ್ಜೆಗೆ ಹೇಳುವ ಎರಿತ್ರೋಪೊಯಿಟಿನ್ ಹಾರ್ಮೋನೂ ಇವರಲ್ಲಿ ಸಾಕಷ್ಟು ಸ್ರವಿಸುವುದಿಲ್ಲ. ಹೀಗಾಗಿ ಕಿಲೋ ತೂಕಕ್ಕೆ ಹತ್ತರಿಂದ ಇಪ್ಪತ್ತು ಮಿಲಿಯಂತೆ ಕೆಂಪುಕಣಗಳನ್ನು ಸಿರಿಂಜಿಗೆ ತುಂಬಿ, ಪಂಪಿಗೆ ಸಿಕ್ಕಿಸಿ, ಮೂರು ನಾಲ್ಕು ಗಂಟೆ ಹಿಡಿದು ಹನಿಹನಿಯಾಗಿ ಏರಿಸುತ್ತಾರೆ. ಕೂದಲಷ್ಟು ತೆಳುವಾದ ರಕ್ತನಾಳ, ಬೆರಳುಗುರಿನಷ್ಟು ಅಗಲದ ಅಂಟುಪಟ್ಟಿ, ಪಕ್ಕದಲ್ಲಿ ಪ್ರತಿ ಕಾಲುಗಂಟೆಗೆ ಎದೆಬಡಿತ ಬರೆದುಕೊಳ್ಳುವ ನರ್ಸ್. ಆ ಕೆಂಪು ಗೆರೆ ಕೊಳವೆಯಲ್ಲಿ ಇಂಚಿಂಚಾಗಿ ಸರಿಯುವುದನ್ನು ಗಾಜಿನಾಚೆಯಿಂದ ನೋಡಿದ ತಂದೆ ಅದನ್ನು ಮರೆಯಲಾರ.

ಗುಮಾನಿ ಶುರುವಾದದ್ದು 1987ರ ಸುಮಾರಿಗೆ. ಅಮೆರಿಕದಲ್ಲಿ ಒಂದೇ ಕಡೆ ಹಲವು ಮಕ್ಕಳಿಗೆ ಈ ಕರುಳುಬೇನೆ ಬಂದಾಗ ಮೆಕ್‌ಗ್ರೇಡಿ ಮತ್ತಿತರರು ಹಿಂದುಮುಂದು ಶೋಧಿಸಿ, ಕಾಯಿಲೆ ಬಂದವರಲ್ಲಿ ರಕ್ತ ಏರಿಸಿಕೊಂಡವರು ಹೆಚ್ಚು ಎಂದು ಬರೆದರು. ಇಪ್ಪತ್ತು ವರ್ಷ ಆ ಮಾತನ್ನು ಹೆಚ್ಚು ಜನ ಎತ್ತಲಿಲ್ಲ. 2006ರ ನಂತರ ಒಂದರ ಹಿಂದೊಂದು ವರದಿಗಳು ಬಂದವು. ಚೆನ್ನಾಗಿ ಬೆಳೆಯುತ್ತಿದ್ದ, ಹಾಲು ಕುಡಿಯುತ್ತಿದ್ದ ಮಗುವಿಗೆ ರಕ್ತಹೀನತೆಗೆಂದು ರಕ್ತ ಕೊಟ್ಟರು, ಎರಡು ದಿನದೊಳಗೆ ಕರುಳು ಕೆಟ್ಟಿತು, ಹೆಚ್ಚಿನ ವರದಿಗಳಲ್ಲಿ ಇದೇ ಕಥೆ. 2012ರಲ್ಲಿ ಮೊಹಮದ್ ಮತ್ತು ಶಾ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ, ಬೇರೆ ಕಾರಣಗಳನ್ನು ಕಳೆದ ಮೇಲೂ ಅಪಾಯ ಸುಮಾರು ಎರಡು ಪಟ್ಟು ಎಂಬ ಉತ್ತರ ಬಂತು. ಕಾಯಿಲೆಗೆ ಹೊಸ ಹೆಸರೂ ಹುಟ್ಟಿತು, ರಕ್ತಪೂರಣಕ್ಕೆ ಸಂಬಂಧಿಸಿದ ಎನ್‌ಇಸಿ ಎಂದು. ಹಲವು ಆಸ್ಪತ್ರೆಗಳು ರಕ್ತ ಏರಿಸುವ ಹೊತ್ತಿನಲ್ಲಿ ಹಾಲು ನಿಲ್ಲಿಸಲು ಶುರುಮಾಡಿದವು. ಕಾರಣಗಳ ಪಟ್ಟಿಯೂ ಬೆಳೆಯಿತು. ಹಳೆಯ ರಕ್ತದಲ್ಲಿ ಒಡೆದ ಕಣಗಳಿಂದ ಹಿಮೋಗ್ಲೋಬಿನ್ ಸೋರುತ್ತದೆ, ದಾನಿಯ ರಕ್ತದ ಪ್ರತಿಕಾಯಗಳು ಮಗುವಿನ ಕಣಗಳ ಮೇಲೆ ತಿರುಗಿಬೀಳುತ್ತವೆ, ಒಣಗಿದ ಕರುಳಿಗೆ ಏಕಾಏಕಿ ಆಮ್ಲಜನಕ ನುಗ್ಗಿ ಗಾಯ ಮಾಡುತ್ತದೆ, ಹೀಗೆ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಹೃದಯ ಇರುವುದು ಮುಂದಿನ ಮಾತಿನಲ್ಲಿ. ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣ ಎನ್ನಲಾಗದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಆದರೆ ಇಲ್ಲಿರುವುದು ಕಾಕತಾಳೀಯಕ್ಕಿಂತ ಸೂಕ್ಷ್ಮವಾದ ಗೋಜಲು. ಎನ್‌ಇಸಿ ಹೊಟ್ಟೆ ಉಬ್ಬುವ ಮೊದಲೇ ಒಳಗೊಳಗೇ ಆರಂಭವಾಗಿರುತ್ತದೆ. ಆಗ ಮಗು ಮಂಕಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಉಸಿರು ಬಿಟ್ಟುಬಿಟ್ಟು ಬರುತ್ತದೆ, ಎದೆಬಡಿತ ಏರುತ್ತದೆ. ರಕ್ತಹೀನತೆಯ ಗುರುತುಗಳೂ ಇವೇ. ವೈದ್ಯರು ಹಿಮೋಗ್ಲೋಬಿನ್ ನೋಡುತ್ತಾರೆ, ಕಡಿಮೆ ಇದೆ, ರಕ್ತ ಬರೆಯುತ್ತಾರೆ. ಮರುದಿನ ಕಾಯಿಲೆ ತನ್ನ ಪೂರ್ತಿ ಮುಖ ತೋರಿಸುತ್ತದೆ. ಅಲ್ಲಿ ಕಾಯಿಲೆಯೇ ರಕ್ತವನ್ನು ಕರೆಸಿತ್ತು. ಅಜ್ಜಿಯ ಕಣ್ಣಿಗೆ ಮಾತ್ರ ರಕ್ತವೇ ಕಾಯಿಲೆಯನ್ನು ಕರೆತಂದಂತೆ ಕಾಣುತ್ತದೆ. ಅಜ್ಜಿಯನ್ನು ತಪ್ಪೆನ್ನುವಂತಿಲ್ಲ, ಹಳೆಯ ಕಡತಗಳನ್ನು ಹಿಂದಕ್ಕೆ ತಿರುವಿ ನೋಡಿದ ಸಂಶೋಧಕರಿಗೂ ಹಾಗೆಯೇ ಕಂಡಿತ್ತು. ಇನ್ನೊಂದು ಮಾತು. ಅತಿ ಚಿಕ್ಕ, ಅತಿ ಕಾಯಿಲೆಯ ಮಗುವಿಗೇ ರಕ್ತ ಹೆಚ್ಚು ಸಲ ಬೇಕಾಗುತ್ತದೆ, ಕರುಳುಬೇನೆಯ ಭಯ ಹೆಚ್ಚಿರುವುದೂ ಅದೇ ಮಗುವಿಗೆ. ವಾರಕ್ಕೆರಡು ಸಲ ರಕ್ತ ಪಡೆಯುವ ಕೂಸಿಗೆ ಯಾವ ದಿನ ಏನೇ ಆದರೂ ಅದು ರಕ್ತ ಏರಿಸಿದ ಎರಡು ದಿನದೊಳಗೇ ಬೀಳುವ ಸಂಭವ ದೊಡ್ಡದು.

ಈ ಗೋಜಲನ್ನು ಬಿಡಿಸಿದ್ದರಲ್ಲಿ ಅಟ್ಲಾಂಟಾದ ಅಧ್ಯಯನ ಮುಖ್ಯವಾದದ್ದು. ರವಿ ಪಟೇಲ್ ಮತ್ತು ಸಂಗಡಿಗರು ಅದನ್ನು 2016ರಲ್ಲಿ ಜಾಮಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಡತ ತಿರುವಲಿಲ್ಲ. ಹುಟ್ಟಿದಾಗಿನಿಂದ 598 ಕಡಿಮೆ ತೂಕದ ಮಕ್ಕಳ ಬೆನ್ನುಹತ್ತಿ, ಪ್ರತಿ ವಾರದ ಹಿಮೋಗ್ಲೋಬಿನ್ ಮತ್ತು ಪ್ರತಿ ಸಲದ ರಕ್ತಪೂರಣವನ್ನು ದಾಖಲಿಸಿದರು. 44 ಮಕ್ಕಳಿಗೆ ಎನ್‌ಇಸಿ ಬಂತು. ಲೆಕ್ಕ ತೆಗೆದಾಗ ರಕ್ತ ಏರಿಸಿದ್ದಕ್ಕೂ ಕಾಯಿಲೆಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ತೀವ್ರ ರಕ್ತಹೀನತೆಯೊಂದಿಗೆ. ಯಾವ ವಾರ ಹಿಮೋಗ್ಲೋಬಿನ್ ನೂರು ಮಿಲಿ ರಕ್ತಕ್ಕೆ 8 ಗ್ರಾಂ ಅಥವಾ ಅದಕ್ಕೂ ಕೆಳಗೆ ಇಳಿದಿತ್ತೋ ಆ ವಾರ ಅಪಾಯ ಸುಮಾರು ಆರು ಪಟ್ಟು ಏರಿತ್ತು. ಅಂದರೆ ಇಷ್ಟು ದಿನ ಬಾಗಿಲಲ್ಲಿ ನಿಂತವನನ್ನು ಕಳ್ಳ ಎಂದು ಹಿಡಿದಿದ್ದೆವು, ಮನೆಯೊಳಗೆ ಮೊದಲೇ ಬಂದು ಕೂತವನನ್ನು ನೋಡಿರಲಿಲ್ಲ.

ಆದರೂ ರಕ್ತವನ್ನು ಪೂರ್ತಿ ಬಿಡುಗಡೆ ಮಾಡಲು ಒಂದು ಪ್ರಯೋಗ ಅಡ್ಡ ಬರುತ್ತದೆ. 2019ರಲ್ಲಿ ಮೋಹನ್‌ಕುಮಾರ್, ಅಖಿಲ್ ಮಹೇಶ್ವರಿ ಮತ್ತಿತರರು ಎಳೆಯ ಇಲಿಮರಿಗಳಿಂದ ಸ್ವಲ್ಪ ಸ್ವಲ್ಪವಾಗಿ ರಕ್ತ ತೆಗೆದು ತೀವ್ರ ರಕ್ತಹೀನತೆ ತಂದರು, ಆಮೇಲೆ ರಕ್ತ ಏರಿಸಿದರು. ರಕ್ತಹೀನತೆಯಲ್ಲಿ ಮರಿಗಳ ಕರುಳಿನ ಗೋಡೆ ಸೋರತೊಡಗಿತು, ಉರಿಯೂತದ ಕಣಗಳು ಅಲ್ಲಿ ಸೇರಿಕೊಂಡವು. ಅಂಥ ಕರುಳಿಗೆ ರಕ್ತ ಸೇರಿದಾಗ, ಒಡೆದ ಕೆಂಪುಕಣಗಳ ಹಿಮೋಗ್ಲೋಬಿನ್ ಆ ಉರಿಯೂತದ ಕಣಗಳನ್ನು ಕೆರಳಿಸಿ ಎನ್‌ಇಸಿಯಂಥ ಗಾಯ ಮಾಡಿತು. ರಕ್ತಹೀನತೆಯೂ ರಕ್ತವೂ ಕೂಡಿದಾಗಲೇ ಅನಾಹುತ. ಇಲಿಯ ಕರುಳು ಕೂಸಿನ ಕರುಳಲ್ಲ, ನಿಜ. ಆದರೆ ಇದು ಅಟ್ಲಾಂಟಾದ ಮಾತಿಗೆ ಎದುರಾಡುವುದಿಲ್ಲ, ಅದನ್ನೇ ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ಪೈರು ಪೂರ್ತಿ ಒಣಗಿದ ಮೇಲೆ ಗದ್ದೆಗೆ ನೀರು ಬಿಟ್ಟರೆ ಏನಾಗುತ್ತದೆಂದು ನಮ್ಮ ಮಳೆಯಾಶ್ರಿತ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ರಕ್ತವನ್ನು ಬೇಗ ಬೇಗ, ಧಾರಾಳವಾಗಿ ಕೊಟ್ಟರೆ ಕರುಳು ಉಳಿಯುತ್ತದೆಯೇ? ಇದಕ್ಕೆ 2020ರಲ್ಲಿ ಎರಡು ದೊಡ್ಡ ಪ್ರಯೋಗಗಳು ಉತ್ತರ ಕೊಟ್ಟವು. ಯುರೋಪಿನ ಎಟ್ನೋದಲ್ಲಿ 1013 ಮಕ್ಕಳು, ಅಮೆರಿಕದ ಟಾಪ್‌ನಲ್ಲಿ 1824 ಮಕ್ಕಳು, ಎಲ್ಲರೂ ಒಂದು ಕಿಲೋದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಅರ್ಧ ಮಕ್ಕಳಿಗೆ ಹಿಮೋಗ್ಲೋಬಿನ್ ಸ್ವಲ್ಪ ಇಳಿದ ಕೂಡಲೇ ರಕ್ತ, ಇನ್ನರ್ಧ ಮಕ್ಕಳಿಗೆ ಇನ್ನೂ ಇಳಿಯುವವರೆಗೆ ಕಾದು ರಕ್ತ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟರು. ಟಾಪ್‌ನಲ್ಲಿ ಧಾರಾಳದ ಗುಂಪಿನಲ್ಲಿ ನೂರಕ್ಕೆ 10, ಬಿಗಿಯ ಗುಂಪಿನಲ್ಲಿ 10.5 ಮಕ್ಕಳಿಗೆ ಎನ್‌ಇಸಿ ಬಂತು. ಎಟ್ನೋದಲ್ಲಿ 5.3 ಮತ್ತು 6.2. ವ್ಯತ್ಯಾಸವೇ ಇಲ್ಲವೆನ್ನಬಹುದು. ಸಾವಿನಲ್ಲೂ ಎರಡು ವರ್ಷದ ಬುದ್ಧಿಬೆಳವಣಿಗೆಯಲ್ಲೂ ಹಾಗೆಯೇ. ಹೆಚ್ಚು ರಕ್ತ ಕೊಟ್ಟದ್ದರಿಂದ ಕರುಳು ಕೆಡಲಿಲ್ಲ, ಉಳಿಯಲೂ ಇಲ್ಲ. ರಕ್ತ ಹಳೆಯದಾದರೆ ಕೆಡುಕು ಎಂಬ ಮಾತನ್ನು 2012ರಲ್ಲೇ ಕೆನಡಾದವರು 377 ಮಕ್ಕಳಲ್ಲಿ ಪರೀಕ್ಷಿಸಿದ್ದರು. ಏಳು ದಿನದೊಳಗಿನ ತಾಜಾ ರಕ್ತವಾದರೂ ವಾಡಿಕೆಯ ರಕ್ತವಾದರೂ ಫಲ ಒಂದೇ ಆಗಿತ್ತು.

ಈಗ ರಸ್ತೆಯ ಮಾತಿಗೆ ಬರುತ್ತೇನೆ. ಟಾಪ್ ಪ್ರಯೋಗದಲ್ಲಿ ಬಿಗಿಯ ಗುಂಪಿನ ಅತಿ ಕೆಳಗಿನ ಗೆರೆ 7 ಗ್ರಾಂ. ಅದೂ ಉಸಿರಾಟಕ್ಕೆ ಯಾವ ಆಸರೆಯೂ ಬೇಡವಾದ, ಮೂರನೆಯ ವಾರ ಮುಟ್ಟಿದ ಮಗುವಿಗೆ. ಅದಕ್ಕಿಂತ ಕೆಳಗೆ ಯಾರನ್ನೂ ಬಿಡಲಿಲ್ಲ. ರಕ್ತ ಅದೇ ಕಟ್ಟಡದಲ್ಲಿ ಕೈಗೆಟಕುವಂತಿದ್ದ ಕೋಣೆಗಳಲ್ಲಿ ಸಿಕ್ಕ ಉತ್ತರ ಇದು. ಗೊತ್ತಾದ ಗೆರೆಯಲ್ಲಿ ತಪ್ಪದೆ ರಕ್ತ ಸಿಗುವುದಾದರೆ ಆ ಗೆರೆ ಸ್ವಲ್ಪ ಮೇಲಿದ್ದರೂ ಕೆಳಗಿದ್ದರೂ ನಡೆದೀತು ಎಂದಷ್ಟೇ ಅದು ಹೇಳುತ್ತದೆ. ಸರಿಯಾದ ಗುಂಪಿನ ರಕ್ತದ ಚೀಲ ಹೊಂದಿಸಲು ರಾತ್ರಿಯೆಲ್ಲ ಬೇಕಾಗುವ ಕಡೆ, ಒಂದು ತಾಲ್ಲೂಕಿನಿಂದ ಜಿಲ್ಲಾಕೇಂದ್ರಕ್ಕೆ ಮಗುವನ್ನು ಸಾಗಿಸಬೇಕಾದ ಕಡೆ, ಹಿಮೋಗ್ಲೋಬಿನ್ ಆ ಪ್ರಯೋಗಗಳು ಕಾಣದ ಆಳಕ್ಕೆ ಇಳಿಯಬಹುದು. ಅಟ್ಲಾಂಟಾದವರೂ ಇಲಿಮರಿಗಳೂ ಎಚ್ಚರಿಸಿದ್ದು ಅದೇ ಆಳದ ಬಗ್ಗೆ. ಆದ್ದರಿಂದ ಶಿಕಾರಿಪುರ, ಸೊರಬದ ಕೂಸಿನ ಮಟ್ಟಿಗೆ ನಾನು ಬಿಗಿಗೆರೆಯನ್ನು ಇನ್ನಷ್ಟು ಕೆಳಕ್ಕೆ ಎಳೆಯುವ ಪಕ್ಷದವನಲ್ಲ. ಬೇಕಾದಾಗ ತಡಮಾಡದೆ ಕೊಡಬೇಕು, ರಕ್ತ ಬೇಡ ಎಂದು ಮನೆಯವರು ಹೆದರಿ ಸಹಿ ಹಾಕಲು ಹಿಂಜರಿಯಬಾರದು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ, ರಕ್ತ, ಸಾಗಾಟ ಎಲ್ಲವೂ ಉಚಿತ. ಇದನ್ನು ಆಶಾ ಕಾರ್ಯಕರ್ತೆಯರು ಹೆರಿಗೆಗೆ ಮೊದಲೇ ಮನೆಯವರಿಗೆ ತಿಳಿಸಿದ್ದರೆ ಎಷ್ಟೋ ಕಡೆ ಹಣಕ್ಕಾಗಿ ಅಲೆಯುವ ಅಪ್ಪನ ಅರ್ಧ ದಿನ ಉಳಿಯುತ್ತದೆ.

ರಕ್ತ ಏರಿಸುವಾಗ ಹಾಲು ನಿಲ್ಲಿಸಬೇಕೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. 2019ರಲ್ಲಿ, ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಹುಡುಕಿದಾಗ ಸಿಕ್ಕದ್ದು 22 ಮಕ್ಕಳ ಒಂದೇ ಒಂದು ಪ್ರಯೋಗ. ಅದರ ಮೇಲೆ ಏನನ್ನೂ ಕಟ್ಟಲಾಗದು. ಕೆಲವು ವಾರ್ಡುಗಳಲ್ಲಿ ನಿಲ್ಲಿಸುತ್ತಾರೆ, ಕೆಲವು ಕಡೆ ನಿಲ್ಲಿಸುವುದಿಲ್ಲ, ಎರಡೂ ಒಪ್ಪುವ ಮಾತೇ. ಆದರೆ ಯಾವ ಹಾಲು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. 1990ರಲ್ಲೇ ಲೂಕಸ್ ಮತ್ತು ಕೋಲ್ ತೋರಿಸಿದ್ದರು, ಬರೀ ಪುಡಿಹಾಲು ಕುಡಿದ ಅಕಾಲಿಕ ಮಕ್ಕಳಲ್ಲಿ ಈ ಕಾಯಿಲೆ ಬರೀ ತಾಯಿಹಾಲಿನವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಎಂದು. ರಕ್ತದ ಬಗ್ಗೆ ನಡೆದಷ್ಟು ವಾದ ಹಾಲಿನ ಬಗ್ಗೆ ನಡೆಯದಿರುವುದಕ್ಕೆ ಕಾರಣ, ಅಲ್ಲಿ ಉತ್ತರ ಅಷ್ಟು ನಿಚ್ಚಳ. ನಮ್ಮಲ್ಲಿ ಹಸು ಕರು ಹಾಕಿದರೆ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಅಕ್ಕಪಕ್ಕದವರಿಗೆಲ್ಲ ಹಂಚುತ್ತೇವೆ. ಅದೇ ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸಿದ ಮನೆಗಳಿವೆ. ಕೂಸಿನ ನಾಲಿಗೆಗೆ ಜೇನು, ಹರಳೆಣ್ಣೆ, ಸುತ್ತುಖಾರ, ಕತ್ತೆಹಾಲು ಸವರುತ್ತಾರೆ. 900 ಗ್ರಾಂ ಕೂಸಿನ ಕರುಳಿಗೆ ಅದರಲ್ಲಿ ಒಂದೊಂದೂ ಅಪಾಯ. ತಾಯಿಗೆ ಹಾಲು ಬರದಿದ್ದರೆ ಇನ್ನೊಬ್ಬ ತಾಯಿಯ ಹಾಲನ್ನು ಪಾಶ್ಚರೀಕರಿಸಿ ಕೊಡುವ ವ್ಯವಸ್ಥೆಗೆ ಈ ದೇಶದಲ್ಲಿ ದಾರಿ ತೋರಿದವರು ಮುಂಬಯಿಯ ಸಯನ್ ಆಸ್ಪತ್ರೆಯ ಡಾ. ಅರ್ಮಿಡಾ ಫರ್ನಾಂಡಿಸ್, 1989ರಲ್ಲಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಅಮೃತಧಾರೆ ಹಾಲಿನ ಬ್ಯಾಂಕ್ ಬಂದದ್ದು 2022ರಲ್ಲಿ. ಇಂಥದ್ದು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಬೇಕು.

ಇನ್ನು ರಕ್ತಹೀನತೆಯೇ ಮೂಲವಾದರೆ, ಅದನ್ನು ತಡೆಯುವ ಮೊದಲ ಗಳಿಗೆ ಹೆರಿಗೆಯ ಗಳಿಗೆಯೇ. ಮಗು ಹೊರಬಂದ ಮೇಲೂ ಹೊಕ್ಕುಳಬಳ್ಳಿ ಸ್ವಲ್ಪ ಹೊತ್ತು ಮಿಡಿಯುತ್ತಿರುತ್ತದೆ, ಮಾಸಿನಲ್ಲಿರುವ ಮಗುವಿನದೇ ರಕ್ತ ಮಗುವಿಗೆ ಹರಿಯುತ್ತಿರುತ್ತದೆ. ಆ ಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದು ನಿಮಿಷವಾದರೂ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ, ಹೀಗೆ ಕಾದರೆ ಅಕಾಲಿಕ ಶಿಶುಗಳ ಸಾವೇ ಕಡಿಮೆಯಾಗುತ್ತದೆ ಎಂದು ತೋರಿಸಿತು. ಹೆತ್ತ ಕರುಳು, ಕರುಳ ಬಳ್ಳಿ, ಕರುಳಿನ ಕುಡಿ ಎಂದೆಲ್ಲ ಹೇಳುವ ನಮ್ಮ ಭಾಷೆಗೆ ಬಳ್ಳಿಗೂ ಕರುಳಿಗೂ ಇರುವ ನಂಟನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಸು ಖರ್ಚಿಲ್ಲದ, ಯಂತ್ರ ಬೇಡದ, ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ನಾಳೆಯೇ ಮಾಡಬಹುದಾದ ರಕ್ತಪೂರಣ ಅದು. ಎರಡನೆಯದು, ಪರೀಕ್ಷೆಗೆಂದು ತೆಗೆಯುವ ರಕ್ತದ ಹನಿಗಳನ್ನು ಎಣಿಸುವುದು. ಪ್ರತಿ ಮಗುವಿನ ಚಾರ್ಟಿನಲ್ಲಿ ಇಂದು ಎಷ್ಟು ತೆಗೆದೆವು ಎಂಬ ಒಂದು ಅಂಕಣ ಸಾಕು.

ಅದಕ್ಕೂ ಹಿಂದೆ ತಾಯಿ ಇದ್ದಾಳೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಶಿಕಾರಿಪುರದ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ ಅಕಾಲಿಕ ಮಕ್ಕಳು ಏಕೆ ಸಾಯುತ್ತಾರೆಂದು ತಿಳಿಯಲು 2018ರಿಂದ 2020ರವರೆಗೆ, ಕರಾಚಿಯ ಜೊತೆಯಲ್ಲಿ, ಒಂದು ದೊಡ್ಡ ಅಧ್ಯಯನವೇ ನಡೆಯಿತು. ಹೊಟ್ಟೆಯೊಳಗೇ ಆಮ್ಲಜನಕ ಸಾಲದಿರುವುದು, ಸೋಂಕು, ಬಲಿಯದ ಶ್ವಾಸಕೋಶ ಅಲ್ಲಿ ಮುಂದೆ ನಿಂತವು, ತಾಯಿಯ ರಕ್ತದೊತ್ತಡ ಹಿನ್ನೆಲೆಯಲ್ಲಿತ್ತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡ, ಆರು ದೇಶಗಳ ಸುಮಾರು ಹನ್ನೆರಡು ಸಾವಿರ ಚೊಚ್ಚಲ ಬಸುರಿಯರ ಪ್ರಯೋಗದಲ್ಲಿ, ದಿನಕ್ಕೊಂದು ಸಣ್ಣ ಆಸ್ಪಿರಿನ್ ಮಾತ್ರೆಯಿಂದ ಅಕಾಲಿಕ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಅದು 2020ರ ಮಾತು. ಅದೇ ವರ್ಷ, ಬೆಳಗಾವಿಯೂ ಸೇರಿದ್ದ ಇನ್ನೊಂದು ಪ್ರಯೋಗ ಹೆರಿಗೆಗೆ ಮೊದಲು ತಾಯಿಗೆ ಕೊಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದಿನಿಂದ ಅಕಾಲಿಕ ಶಿಶುಗಳ ಸಾವು ಇಳಿಯುತ್ತದೆಂದು ಖಚಿತಪಡಿಸಿತು. ಈ ಬಗೆಯ ಚುಚ್ಚುಮದ್ದು ಕರುಳುಬೇನೆಯನ್ನೂ ತಗ್ಗಿಸುತ್ತದೆಂಬುದು ಮೊದಲಿನಿಂದ ತಿಳಿದದ್ದೇ. ಶಿವಮೊಗ್ಗಕ್ಕೆ ಬೇಕಾದ ಜ್ಞಾನದಲ್ಲಿ ಒಂದು ಪಾಲು ಹುಟ್ಟಿದ್ದು ಕನ್ನಡ ನಾಡಿನಲ್ಲಿಯೇ ಎಂದು ನೆನೆದಾಗ ಹೆಮ್ಮೆಯೆನಿಸುತ್ತದೆ, ಅದು ಪ್ರತಿ ಹೆರಿಗೆ ಕೋಣೆಯನ್ನೂ ಮುಟ್ಟಬೇಕು ಎಂಬ ಆತುರವೂ ಆಗುತ್ತದೆ.

ಕರುಳುಬೇನೆ ಬಂದ ಮಗುವಿಗೆ ಮೊದಲು ಹಾಲು ನಿಲ್ಲಿಸುತ್ತಾರೆ, ಹೊಟ್ಟೆಯ ಗಾಳಿ ತೆಗೆಯಲು ಕೊಳವೆ ಹಾಕುತ್ತಾರೆ, ಆಂಟಿಬಯೋಟಿಕ್ ಕೊಡುತ್ತಾರೆ, ಕರುಳು ತೂತಾದರೆ ಶಸ್ತ್ರಚಿಕಿತ್ಸೆ. ಹಿಮೋಗ್ಲೋಬಿನ್ ಇಳಿದಿದ್ದರೆ ಆಗಲೂ ರಕ್ತ ಏರಿಸುತ್ತಾರೆ. ಗುಮಾನಿಗೆ ಗುರಿಯಾದ ಅದೇ ರಕ್ತ. ಆ ದಿನಗಳಲ್ಲಿ ತಾಯಿ ತನ್ನ ಹಾಲನ್ನು ಮೂರು ಗಂಟೆಗೊಮ್ಮೆ ಸ್ಟೀಲಿನ ಬಟ್ಟಲಿಗೆ ಹಿಂಡಿ ತೆಗೆಯುತ್ತಲೇ ಇರಬೇಕು, ಇಲ್ಲವಾದರೆ ಬತ್ತುತ್ತದೆ. ಎಕ್ಸ್‌ರೇ ತಿಳಿಯಾಗಿ, ಹೊಟ್ಟೆ ಮೆತ್ತಗಾದ ಮೇಲೆ, ಒಂದು ಸಲಕ್ಕೆ ಒಂದೇ ಮಿಲಿಯಿಂದ ಮತ್ತೆ ಶುರು. ಮೊದಲು ಕೊಳವೆಯಲ್ಲಿ. ವಾರಗಳು ಕಳೆದು, ಕೂಸಿಗೆ ನುಂಗುವ ಶಕ್ತಿ ಬಂದಾಗ, ಅಜ್ಜಿ ಊರಿನಿಂದ ತಂದಿಟ್ಟ ಒಳಲೆಯನ್ನು ನರ್ಸ್ ಕುದಿಸಿ ಕೊಡುತ್ತಾಳೆ. ಅದರ ಮೂತಿಯನ್ನು ಕೂಸಿನ ತುಟಿಯಂಚಿಗೆ ಇಟ್ಟು, ತಾಯಿ ಉಸಿರು ಬಿಗಿಹಿಡಿದು ಮೊದಲ ಹನಿ ಬಿಡುತ್ತಾಳೆ.